ಆಟಕ್ಕೂ ಲೆಕ್ಕಕ್ಕೂ

ಗುರುವಾರದ ಕೊನೆಯ ತರಗತಿ ನನ್ನದು.
ವುಚ್ ಪಟ್ಟಣದ ಹಳೆಯ ನೂಲಿನ ಗಿರಣಿ, ಮೂರನೆಯ ಮಹಡಿ;
ಯಂತ್ರಗಳನ್ನು ಬಿಗಿದಿದ್ದ ಬೋಲ್ಟುಗಳ ತೂತು ಇನ್ನೂ ನೆಲದಲ್ಲಿವೆ,
ಮಕ್ಕಳು ಅದರೊಳಗೆ ಪೆನ್ಸಿಲ್ ಹೆರೆದ ಸಿಪ್ಪೆ ತುಂಬುತ್ತಾರೆ.

ಬೆಳಿಗ್ಗೆಯಿಂದ ಗೊಂಬೆಗೆ ಜೀವ ಕೊಟ್ಟು ಬಂದಿರುತ್ತಾರೆ,
ಒಂದು ಸೆಕೆಂಡಿಗೆ ಇಪ್ಪತ್ನಾಲ್ಕು ಸಲ
ಕೂದಲೆಳೆಯಷ್ಟು ಸರಿಸಿ, ಉಸಿರು ಹಿಡಿದು, ಚಿತ್ರ ತೆಗೆದು.
ಉಗುರಲ್ಲಿ ಜೇಡಿಮಣ್ಣು, ಕಣ್ಣಲ್ಲಿ ದೀಪದ ಉರಿ.
ಅಂಥವರ ಮುಂದೆ ನಾನು, ಬೊಗುಮಿಲಾ ವ್ಜೋಸೆಕ್,
ಹಲಗೆಯ ಮೇಲೆ ಬರೆಯುತ್ತೇನೆ: ಇನ್ವಾಯ್ಸ್.

ನಿಟ್ಟುಸಿರು. ಕಿಟಕಿಯ ಕೆಳಗೆ ಟ್ರಾಮು
ತಿರುವಿನಲ್ಲಿ ಕಿರುಚುತ್ತದೆ; ನನಗಿಂತ ಚೆನ್ನಾಗಿ ತಕರಾರು ಹೇಳುತ್ತದೆ.

ನಾನು ಕಲಾವಿದೆಯಲ್ಲ. ಮೂವತ್ತೊಂದು ವರ್ಷ ಸ್ಟುಡಿಯೋದಲ್ಲಿ
ತಂತಿ, ಫೋಮು, ಊಟದ ಚೀಟಿಗಳ ಲೆಕ್ಕ ಬರೆದವಳು.
ಅಲ್ಲಿ ಕಂಡಿದ್ದೇನೆ:
ಒಂದು ಕುಂಟು ಬಾತನ್ನು ಹನ್ನೊಂದು ವಾರ ನಡೆಸಿದವನು
ಹಣ ಕೇಳಲು ಬಂದು ಬಾಗಿಲ ಹಿಡಿಯನ್ನೇ ನೋಡುತ್ತ ನಿಂತದ್ದನ್ನು;
"ತೊಂದರೆಯಿಲ್ಲ, ಮುಂದಿನ ತಿಂಗಳಾಗಲಿ" ಎಂದು ತಾನೇ ಹೇಳಿ ಹೋದದ್ದನ್ನು.
ಕೈ ಕೆಸರಾಗಿತ್ತು, ಮೊಣಕೈವರೆಗೂ.
ಮೊಸರು ಯಾರ ಬಾಯಿಗೆ ಹೋಯಿತೆಂದು ನನಗೆ ಗೊತ್ತು.
ಆ ಚೀಟಿಗೆ ಸಹಿ ಹಾಕಿಸಿದವಳು ನಾನೇ.

ಅದಕ್ಕೇ ಹೇಳುತ್ತೇನೆ:
ಎಷ್ಟು ಸಲ ತಿದ್ದಿಕೊಡುವಿರೆಂದು ಮೊದಲೇ ಬರೆದುಕೊಳ್ಳಿ.
ಎರಡು ಸಲ. ಮೂರನೆಯದಕ್ಕೆ ದುಡ್ಡು.
ತಡವಾಗುತ್ತದೆಂದು ತಿಳಿದ ದಿನವೇ ತಿಳಿಸಿ, ತಡವಾದ ದಿನವಲ್ಲ.
ಸೆಟ್ಟಿಗೆ ಚಹಾ ತರುವವನ ಹೆಸರು ಗೊತ್ತಿರಲಿ.
"ಆಗುವುದಿಲ್ಲ" ಎನ್ನುವುದನ್ನು ಕನ್ನಡಿಯ ಮುಂದೆ ಅಭ್ಯಾಸ ಮಾಡಿ,
ಗೊಂಬೆಗೆ ತುಟಿ ಹೊಂದಿಸುವ ಹಾಗೆ, ಒಂದೊಂದೇ ಅಕ್ಷರ.
ಮತ್ತೆ, ಯಾವ ಕಾಗದವನ್ನೂ "ಕ್ಷಮಿಸಿ" ಅಂತ ಶುರು ಮಾಡಬೇಡಿ.

ಟಿಮೊನ್ ಕೈಯೆತ್ತಿದ: "ಇದೆಲ್ಲ ಕಲೆಯನ್ನು ಕೊಲ್ಲುವುದಿಲ್ಲವೇ?"
ಅವನ ಬೂಟಿನ ಸೀಳಿಗೆ ಹಿಮ ನುಗ್ಗಿ ಕಾಲುಚೀಲ ಒದ್ದೆಯಾಗಿತ್ತು.
"ಬಾಡಿಗೆ ಕೊಲ್ಲುತ್ತದೆ" ಎಂದೆ.
ನಕ್ಕರು. ಹಳೇ ಜೋಕು. ಪ್ರತಿ ವರ್ಷ ನಗುತ್ತಾರೆ.
ಈ ವರ್ಷ ಮಾತ್ರ ಹೇಳುವಾಗ ನಾಲಗೆ ತಡವರಿಸಿತು,

ಯಾಕೆಂದರೆ ಅಕ್ಟೋಬರಿನಿಂದ ಶಾಲೆ ನನಗೆ ಕೊಟ್ಟಿಲ್ಲ.
ಗಂಟೆಗಿಷ್ಟು ಅಂತ ಬರುವವಳು; ಕಚೇರಿಯಲ್ಲಿ ಯಾರೋ ರಜೆ, ಯಾವುದೋ ಕಾಲಮ್ಮು ಖಾಲಿ.
"ತೊಂದರೆಯಿಲ್ಲ" ಎಂದಿದ್ದೆ,
ಬಾಗಿಲ ಹಿಡಿಯನ್ನು ನೋಡುತ್ತ.

ಹಿಂದೆ ಜೆರಾಕ್ಸ್ ಯಂತ್ರದ ಬಳಿ ಯಗೋದಾ ನಿಂತಿದ್ದಳಂತೆ.
ಹುಡುಗಿ ಮಾತೇ ಆಡುವುದಿಲ್ಲ. ಗೊಂಬೆಯ ಕೈ ಮಾತ್ರ ಕೆತ್ತುತ್ತಾಳೆ;
ಅವಳ ಒಂದು ಕಿರುಬೆರಳು ನೋಡಿದರೆ
ಯಾರದೋ ಕೈಯಿಂದ ಆಗತಾನೇ ಬಿಡಿಸಿಕೊಂಡು ಬಂದ ಹಾಗಿರುತ್ತದೆ.

ವಾರದ ಮನೆಪಾಠ: ಬಾಕಿ ಹಣ ನೆನಪಿಸುವ ಪತ್ರ.
ಹತ್ತೊಂಬತ್ತು ಜನ ಇಲ್ಲದ ಸ್ಟುಡಿಯೋಗಳಿಗೆ ಬರೆದರು.
ಯಗೋದಾಳದು ನಮ್ಮ ಶಾಲೆಯ ಲೆಕ್ಕ ವಿಭಾಗಕ್ಕೆ.
ಇಂದ: ನಾನು.
ನಾಲ್ಕು ತಿಂಗಳು, ಇಪ್ಪತ್ತೆಂಟು ಗಂಟೆ. ಎಣಿಸಿದ್ದಾಳೆ,
ನವೆಂಬರಿನಲ್ಲಿ ಜ್ವರ ಬಂದು ನಾನು ತಪ್ಪಿಸಿದ ದಿನವನ್ನೂ ಕಳೆದು.
ದಿನಾಂಕ ಸರಿ. ಮೊತ್ತ ಸರಿ. ಅಲ್ಪವಿರಾಮ ಕೂಡ ಸರಿ.
ಮೊದಲ ಸಾಲೊಂದು ಬಿಟ್ಟು:
"ಕ್ಷಮಿಸಿ, ನಿಮಗೆ ತೊಂದರೆ ಕೊಡುತ್ತಿದ್ದೇನೆ…"

ಕೆಂಪು ಪೆನ್ನು ಎತ್ತಿ, ಹಾಗೇ ಕೂತೆ.
ಮರೆತು ಬರೆದಳೋ?
ಇಲ್ಲ, ನನ್ನ ದನಿ ಹೇಗಿದೆಯೋ ಹಾಗೆ ಕೆತ್ತಿದಳೋ?
ಆಟಕ್ಕುಂಟು, ಲೆಕ್ಕಕ್ಕಿಲ್ಲ ಆಗಬೇಡಿ ಎಂದು
ವರ್ಷಗಟ್ಟಲೆ ಇವರಿಗೆ ಹೇಳಿದವಳು ನಾನು. ಆಟದಲ್ಲೂ ಇರಲಿಲ್ಲ.

ಆ ಸಾಲು ಹೊಡೆದೆ. ಅರ್ಧ ಅಂಕ ಕಳೆದೆ.
ಟ್ರಾಮಿನಲ್ಲಿ, ಮೊಣಕಾಲ ಮೇಲೆ ಚೀಲವಿಟ್ಟು,
ಕೆಳಗೆ ಸಹಿ ಮಾಡಿದೆ. ಗಾಡಿ ಕುಲುಕಿ
ಕೊನೆಯ ಅಕ್ಷರ ತುಸು ಓಡಿತು. ಇರಲಿ.

ಅಂಚೆ ಡಬ್ಬಿ ಎರಡು ಸ್ಟಾಪು ಆಚೆ.