ನೀಲಿ ಗೆರೆಯಿಂದ ಕೆಳಗೆ

ಕೋಡಿಬಾಗದ ತಾಂಡೇಲರ ಮನೆ. ಹೊರಕೋಣೆ,
ಹನ್ನೆರಡು ಹದಿನಾರು. ಇಪ್ಪತ್ತು ವರ್ಷದ ಕೆಳಗೆ
ಸುರಿದ ಕಾಂಕ್ರೀಟು. ಯಾರು ಸುರಿದರೋ,
ಅರ್ಧ ಹಾಕಿ ಊಟಕ್ಕೆ ಹೋಗಿದ್ದಾರೆ:
ನಡುವಿನ ಜೋಡಣೆ ಇನ್ನೂ ಅಂಗೈಗೆ ಹತ್ತುತ್ತದೆ.

ಪೈಪಿಗೆ ನೀರು ತುಂಬಿ
ಒಂದು ತುದಿ ನಾನು, ಇನ್ನೊಂದು ಹುಡುಗ ಮಾಬ್ಲು.
ನೀರು ಸುಳ್ಳು ಹೇಳುವುದಿಲ್ಲ ಅನ್ನುತ್ತಾರೆ.
ಹೇಳುತ್ತದೆ. ಒಳಗೊಂದು ಗುಳ್ಳೆ ಉಳಿದರೆ ಸಾಕು,
ಅರ್ಧ ಇಂಚು ಸಲೀಸಾಗಿ ಹೇಳುತ್ತದೆ.
ಅದಕ್ಕೇ ಬೆರಳಿಂದ ತಟ್ಟಿ ತಟ್ಟಿ
ಗುಳ್ಳೆ ಹೊರಡಿಸಿ ಆಮೇಲೆ ನಂಬುವುದು.

ಗೋಡೆಗೆಲ್ಲ ನೀಲಿ ಗೆರೆ. ಗೆರೆಯಿಂದ ಕೆಳಗೆ ಅಳತೆ:
ಬಾಗಿಲಲ್ಲಿ ಮೂರಡಿ.
ಅಡುಗೆಮನೆ ಕಡೆ ಮೂರಡಿ ಒಂದೂವರೆ ಇಂಚು.
"ಒರೆಸಿದ ನೀರು ಅಲ್ಲೇ ಹೋಗಿ ಕೂರ್ತದೆ,
ಮದುವೆಯಾಗಿ ಬಂದಾಗಿಂದ ಅದನ್ನೇ ಬಳಿಯೋದು,"
ಅಂದಳು ರುಕ್ಮಾಬಾಯಿ.
ಕಿಟಕಿಯ ಕೆಳಗೆ ಮಾತ್ರ ಎರಡಡಿ ಹನ್ನೊಂದು.
ಒಂದು ಉಬ್ಬು. ಅಂಗೈಯಷ್ಟು.

ಚಾಣ ಇಟ್ಟು ಸುತ್ತಿಗೆ ಎತ್ತಿದವನು ನಿಂತೆ.
ನೆಲವೆಲ್ಲ ಒರಟು, ಇದೊಂದೇ ನುಣುಪು.
ಒಂದೇ ಹಿಮ್ಮಡಿ ವರ್ಷಗಟ್ಟಲೆ ಉಜ್ಜಿದ ಹೊಳಪು.

ದತ್ತಾ ತಾಂಡೇಲ ಹೊರಗೆ ಬಲೆ ಹೊಲಿಯುತ್ತ ಕೂತಿದ್ದ.
ಟ್ರಾಲರಿನ ವಿಂಚು ಅವನ ಎಡಗಾಲಲ್ಲಿ
ಒಂದಿಷ್ಟನ್ನು ಇಟ್ಟುಕೊಂಡೇ ಬಿಟ್ಟದ್ದು
ಬೈತಖೋಲ ಬಂದರಿಗೆಲ್ಲ ಗೊತ್ತು.
ಎಷ್ಟು ಅಂತ ಯಾರೂ ಅಳೆದಿರಲಿಲ್ಲ.
ನಾನು ಅಳೆದಿದ್ದೆ, ಗೊತ್ತಿಲ್ಲದೆ, ಈಗಷ್ಟೇ.

ಅಲ್ಲಿ ನಿಂತರೆ ಕಾಳಿ ಸಮುದ್ರ ಸೇರುವುದು ಕಾಣುತ್ತದೆ.
ಒಳಗೆ ಬರುವ ದೋಣಿ ಯಾರದ್ದು,
ಎಷ್ಟು ಭಾರಕ್ಕೆ ಮುಳುಗಿದೆ, ಕಾಣುತ್ತದೆ.
ಅಲ್ಲಿ ನಿಂತರೆ ಅವನು ನೆಟ್ಟಗೆ.

"ಇದೊಂದನ್ನ ಬಿಡಲಾ?"
ಕೇಳಿದೆ, ರುಕ್ಮಾಬಾಯಿಗೆ ಕೇಳಿಸದ ಹಾಗೆ.
ದಾರ ಹಲ್ಲಲ್ಲಿ ಕಚ್ಚಿಕೊಂಡೇ ಅಂದ:
"ಟೈಲ್ಸು ಒಡೀತದೆ. ಹೆಸರು ಹಾಳಾಗೋದು ನಿಂದು. ಹೊಡಿ."

ಹೊಡೆದೆ. ಗಟ್ಟಿಯಿತ್ತು.
ಇಪ್ಪತ್ತೆರಡು ಏಟು, ಮಾಬ್ಲು ಎಣಿಸಿದ.
ಸಿಮೆಂಟಿನ ಹಾಲು ಬಳಿದು, ಅಲ್ಲಲ್ಲಿ ಮಟ್ಟದ ಬಿಲ್ಲೆ ಇಟ್ಟು,
ನಡುವೆ ಮಾಲು ತುಂಬಿ ಪಟ್ಟಿ ಎಳೆದೆ,
ಮೊಣಕಾಲೂರಿ ಹಿಂದೆ ಹಿಂದೆ ಸರಿಯುತ್ತ ಬಾಗಿಲ ತನಕ.
ಏಳು ದಿನ ನೀರು ಕಟ್ಟಿದೆವು.
ಎಲ್ಲಿಗೂ ಹೋಗದೆ ನಿಂತಿತು ನೀರು.
ರುಕ್ಮಾಬಾಯಿ ಬಾಗಿಲಲ್ಲಿ ನಿಂತು ಅದನ್ನೇ ನೋಡುವಳು,
ಬೆಳಿಗ್ಗೆ ಒಮ್ಮೆ, ಮೀನು ಮಾರಿ ಬಂದು ಒಮ್ಮೆ,
ಬುಟ್ಟಿ ಇಳಿಸುವುದಕ್ಕೂ ಮೊದಲು.

ಟೈಲ್ಸು ಮುಗಿದ ಸಂಜೆ ದತ್ತಾ ಕಿಟಕಿಗೆ ಹೋದ.
ಸರಳು ಹಿಡಿದ. ಎಡ ಹಿಮ್ಮಡಿ ಹುಡುಕಿತು.
ನೆಲ ಸಿಗದೆ ಗಾಳಿಯಲ್ಲೇ ಉಳಿಯಿತು,
ತೂಕದ ಗುಂಡಿನ ಹಾಗೆ
ಸ್ವಲ್ಪ ಆಡಿ, ನಿಂತು.
"ನೆಲ ಚೆಂದಾಗಿದೆ ಇನಾಸ," ಅಂದ, ತಿರುಗದೆ.

ಸಾಮಾನು ಕಟ್ಟಿದೆವು. ಮಿಕ್ಕ ಟೈಲ್ಸಿನ ಎರಡು ತುಂಡು
ಕಿಟಕಿಯ ಕೆಳಗೆ, ಒಂದರ ಮೇಲೊಂದು, ಮರೆತು ಬಂದೆ.
ನಾಳೆ ಗುಡಿಸುವಾಗ ರುಕ್ಮಾಬಾಯಿ ಎತ್ತಿ ಎಸೆಯಬಹುದು.
ಅಂಚು ಮಾತ್ರ ಕಲ್ಲಿಗೆ ಉಜ್ಜಿ
ಕಾಲು ಕೊಯ್ಯದ ಹಾಗೆ ಮಾಡಿದ್ದೆ.