ಎಡಗಡೆಯ ಸ್ಪೀಕರು

ಯಾಕೂತ್ಸ್ಕ್. ಗಂಟೆ ಎಂಟಾದರೂ ಬೆಳಗಾಗಿಲ್ಲ.
ಟ್ಯಾಕ್ಸಿಗೆ ಹೊದಿಸಿದ ಕಂಬಳಿ ಕಿತ್ತು
ಉಯ್‌ಬಾನ್ ಒಳಗೆ ಕೂರುತ್ತಾನೆ. ಸೀಟೋ, ಹಲಗೆ.
ಸ್ಟೀರಿಯೋದ ಪರದೆಯಲ್ಲಿ ಅಂಕಿಗಳಿಗೆ ನಿದ್ದೆಗಣ್ಣು:
ಏಳು ಅಳಿಸುವ ಮೊದಲೇ
ಅದರ ಮೈಮೇಲೆ ಎಂಟು.

ಹಾಡು ಹಾಕುವುದಿಲ್ಲ. ಕಾಯುತ್ತಾನೆ.
ಡಿಕ್ಕಿಯ ದೊಡ್ಡ ಸ್ಪೀಕರುಗಳ ರಬ್ಬರು ಅಂಚು
ಈ ಹೊತ್ತಿನಲ್ಲಿ ಕಟಕು ರೊಟ್ಟಿ.

ಹೋದ ಜನವರಿಯಲ್ಲಿ ಹೇಳಿದ್ದ, ತಂಗಿಯ ಮಗ ಕೇಶಾನಿಗೆ,
‘ತಡಿಯೋ, ಗಾಡಿ ಮೊದಲು ಉಸಿರಾಡಲಿ.’
ಹದಿನಾರರ ಕೈ ಕೇಳೀತೆ?
ಗುಂಡಿ ಪೂರ್ತಿ ತಿರುಗಿತು.
ಒಂದೇ ಏಟು.
ಆಮೇಲೆ ಎಡಗಡೆ ಬರೀ ಕೆಮ್ಮು.

ಬೈಯಲಿಲ್ಲ. ಅದೇ ತಪ್ಪಾಯಿತೇನೋ.
ಮರುದಿನ ನೋಡಿದರೆ
ಹರಿದಲ್ಲಿ ಗೋಂದು, ಗೋಂದಿನ ಮೇಲೆ ತೊಗಲಿನ ತೇಪೆ;
ಹುಡುಗನ ಬಲಗೈ
ಚಳಿಗಾಲ ಮುಗಿಯುವವರೆಗೂ ಜೇಬು ಬಿಟ್ಟು ಹೊರಬರಲಿಲ್ಲ.

ಹೊಸದು ಹಾಕಿಸಲು ದುಡ್ಡಿತ್ತು, ಸುಳ್ಳೇಕೆ.

ಗಾಜಿನ ಮೇಲೆ ಈಗ ಅಂಗೈಯಗಲ ದಾರಿ ಕಾಣುತ್ತಿದೆ.
ಉಯ್‌ಬಾನ್ ದನಿಯನ್ನು ನಾಲ್ಕಕ್ಕೆ ಏರಿಸುತ್ತಾನೆ, ಐದಕ್ಕಲ್ಲ.
ಬಲಗಡೆ ನಗಾರಿ ನಗಾರಿಯಂತೆಯೇ.
ಎಡಗಡೆ
ಕೈಗವಸು ತೊಟ್ಟ ಯಾರೋ
ಬಾಗಿಲು ತಟ್ಟಿದ ಹಾಗೆ.