ನುಣ್ಣನೆಯ ಬಿಲ್ಲೆ

ಪರೇಲಿನ ಗಿರಣಿಗಳ ಫೈನಲ್ ಶೀಲ್ಡು
ಹುಣಸೆಹುಳಿಗೆ ಕಾದು ನನ್ನ ಮೇಜಿನ ಮೇಲಿದೆ.
ಬಿಲ್ಲೆಗೊಂದು ವರ್ಷ, ಗೆದ್ದವರ ಹೆಸರು;
ಅರ್ಧ ನನ್ನ ಉಳಿ, ಅರ್ಧ ಮಾವ ಸೂರಪ್ಪಾಚಾರಿಯದು.

ಎಂಬತ್ತೆರಡು ಮಾತ್ರ ನುಣ್ಣಗಿದೆ.
ಮುಷ್ಕರ. ಭೋಂಗಾ ಕೂಗಲಿಲ್ಲ, ಸ್ಟಂಪು ಊರಲಿಲ್ಲ;
ಓಪನರ್ ದಗಡೂ
ನಮ್ಮಂಗಡಿ ಎದುರೇ ವಡೆ ಕರಿಯಲು ಕೂತ.

ಅಮೆರಿಕದ ಬೇಸ್‌ಬಾಲಿಗೂ ಒಮ್ಮೆ ಹೀಗೇ ಆಯಿತಂತೆ, ತೊಂಬತ್ತನಾಲ್ಕರಲ್ಲಿ:
ಎರಡು ಮಹಾಯುದ್ಧಕ್ಕೂ ಜಗ್ಗದ ಸರಣಿ
ಸಂಬಳದ ಜಗಳಕ್ಕೆ ನಿಂತೇ ಹೋಯಿತಂತೆ.
ಅಲ್ಲೂ ಒಬ್ಬ ಆಚಾರಿ
ಉಳಿ ಕೆಳಗಿಟ್ಟು ಚಹಾ ಕುಡಿದಿರಬೇಕು.

ಗಿರಣಿಯ ಜಾಗದಲ್ಲೀಗ ಮಾಲು. ಲಾಬಿಗೆ ಶೀಲ್ಡು ಬೇಕಂತೆ.
"ಖಾಲಿ ಚೆನ್ನಾಗಿರಲ್ಲ, ಯಾರದಾದ್ರೂ ಹಾಕಿ" ಎಂದ ಮ್ಯಾನೇಜರು.
ಹುಂ ಎಂದೆ. ಹಾಕಲಿಲ್ಲ.
ತಿಕ್ಕಿದೆ, ಮತ್ತೂ ತಿಕ್ಕಿದೆ,
ದಗಡೂನ ಮಗನ ಬಾಣಲೆಯ ಹೊಗೆ
ಅದರೊಳಗೆ ಹಾಯುವ ತನಕ.